ಫರ್ಮಾನ ಆರನೆಯ ಸಂಖ್ಯೆ

2ರ 1, 2, 4, 8, 16ನೆಯ ಘಾತಗಳಿಗೆ 1 ಕೂಡಿಸಿದರೆ ಕ್ರಮವಾಗಿ 3, 5, 17, 257, 65,537 ದೊರೆಯುತ್ತವೆ. ಐದೂ ಅವಿಭಾಜ್ಯ ಸಂಖ್ಯೆಗಳು. 1 ಮತ್ತು ತಮ್ಮ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗಿಸಲ್ಪಡವು. 32ನೆಯ ಘಾತದಿಂದ ಬರುವ ಆರನೆಯದಾದ 4,29,49,67,297 ಸಹ ಅಂತಹುದೇ ಎಂದು ಫ್ರಾನ್ಸಿನ ಫರ್ಮಾ 1640ರಲ್ಲಿ ನಂಬಿದ್ದನು.

1732ರಲ್ಲಿ ಆಯ್ಲರನು ಆ ನಂಬಿಕೆಯನ್ನು ಮುರಿದನು. ಈ ಸಂಖ್ಯೆಯ ಯಾವ ಅವಿಭಾಜ್ಯ ಭಾಜಕವನ್ನೇ ಆಗಲಿ 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಅಂತಹ ಅವಿಭಾಜ್ಯಗಳು 193, 257, 449, 577, 641 ಇತ್ಯಾದಿ. ಮೊದಲ ನಾಲ್ಕು ಸೋಲುತ್ತವೆ. ಐದನೆಯದು ಗೆಲ್ಲುತ್ತದೆ: 641 × 67,00,417. ವಾಚಕರು ಕಾಗದದ ಮೇಲೆ ಗುಣಿಸಿ ನೋಡಬಹುದು.

ಈ ಶ್ರೇಣಿಯಲ್ಲಿ ಆರನೆಯ ಅವಿಭಾಜ್ಯವು ಇಂದಿಗೂ ಸಿಕ್ಕಿಲ್ಲ. ನಿದರ್ಶನಗಳೆಷ್ಟಿದ್ದರೂ ಅವು ಸಾಧನೆಯ ಸ್ಥಾನವನ್ನು ತುಂಬಲಾರವು.