ಹೊರಗೆ ಕಡಲೆಕಾಯಿ, ಒಳಗೆ ಚಾಕೊಲೇಟ್: ಮನೆಯಲ್ಲೇ ಹೂರಣದ ಕುಕೀಸ್

ಪೀನಟ್ ಬಟರ್ ಕುಕೀ ಮಾಡುವುದು ಸುಲಭ. ಅದರೊಳಗೆ ಚಾಕೊಲೇಟ್ ತುಂಬಿ, ಓವನ್ನಿನಲ್ಲಿ ಸೋರದಂತೆ ಬೇಯಿಸುವುದಕ್ಕೆ ಮಾತ್ರ ಸ್ವಲ್ಪ ತಾಳ್ಮೆ ಬೇಕು. ಹೂರಣ ಮೆತ್ತಗಿರುವಾಗಲೇ ಹಿಟ್ಟಿನಲ್ಲಿ ಸುತ್ತಿದರೆ ಅದು ಬಿಸಿಗೆ ಬೇಗ ಕರಗಿ, ಸಿಕ್ಕ ಬಿರುಕಿನಿಂದ ಹೊರಬಂದು ಟ್ರೇ ಮೇಲೆ ಸುಟ್ಟುಹೋಗುತ್ತದೆ. ಹೂರಣ ಫ್ರೀಜರಿನಲ್ಲಿ ಗಟ್ಟಿಯಾಗಿದ್ದರೆ ಅದು ಕರಗುವ ಹೊತ್ತಿಗೆ ಸುತ್ತಲಿನ ಹಿಟ್ಟು ಬೆಂದು ಗೋಡೆ ಕಟ್ಟಿರುತ್ತದೆ. ಈ ತಿನಿಸಿನ ಗುಟ್ಟೆಲ್ಲ ಇಷ್ಟರಲ್ಲೇ ಇದೆ.

ಇದರ ತವರು ಅಮೆರಿಕ. ಅಲಬಾಮಾದ ಟಸ್ಕೀಗೀ ಸಂಸ್ಥೆಯ ಕೃಷಿ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1916ರಲ್ಲಿ ಹೊರತಂದ ಕೈಪಿಡಿಯಲ್ಲಿ ಕಡಲೆಕಾಯಿ ಬೆಳೆಯುವ ಕ್ರಮದ ಜೊತೆಗೆ ಅದನ್ನು ತಿನ್ನುವ 105 ಬಗೆಗಳೂ ಇದ್ದವು; ಕಡಲೆಕಾಯಿ ಕುಕೀಗಳೂ ಆ ಪಟ್ಟಿಯಲ್ಲಿದ್ದವು. ವರ್ಷವರ್ಷವೂ ಹತ್ತಿ ಬೆಳೆದು ಸತ್ವ ಕಳೆದುಕೊಂಡ ಹೊಲಗಳಿಗೆ ಕಡಲೆಕಾಯಿ ಸಾರಜನಕ ಸೇರಿಸುತ್ತದೆಂದು ಕಾರ್ವರ್ ರೈತರಿಗೆ ಹೇಳುತ್ತಿದ್ದರು. ಆಗಿನ ಕುಕೀಗಳಿಗೆ ಬೀಜವನ್ನು ಕುಟ್ಟಿ ಹಾಕುತ್ತಿದ್ದರು. ಪೀನಟ್ ಬಟರ್ ಬೆರೆಸಿ, ಮೇಲೆ ಫೋರ್ಕಿನಿಂದ ಅಡ್ಡಗೆರೆ ಒತ್ತುವ ರೂಢಿ ಬಂದದ್ದು 1930ರ ದಶಕದಲ್ಲಿ.

ತುಂಬುವ ಕೆಲಸ ನಮ್ಮ ಅಡುಗೆಮನೆಗೆ ಹೊಸದಲ್ಲ. ಉತ್ತರ ಕರ್ನಾಟಕದಲ್ಲಿ ಶೇಂಗಾ ಹೋಳಿಗೆ ಮಾಡುವವರು ಕಣಕದ ಅಂಚನ್ನು ಸುತ್ತಲಿಂದ ತಂದು ಹೂರಣ ಮುಚ್ಚುವಂತೆಯೇ ಇಲ್ಲಿಯೂ ಮುಚ್ಚಬೇಕು. ಆದರೆ ಕಣಕ ಎಳೆದಷ್ಟು ಹಿಗ್ಗುತ್ತದೆ, ಕುಕೀ ಹಿಟ್ಟು ಎಳೆದರೆ ಕಿತ್ತುಬರುತ್ತದೆ. ಅದನ್ನು ಒತ್ತಿ ಒತ್ತಿಯೇ ಕೂಡಿಸಬೇಕು.

ಬೇಕಾಗುವ ಸಾಮಗ್ರಿ (16 ಕುಕೀಸ್‌ಗೆ)

ಹೊರಗಿನ ಹಿಟ್ಟಿಗೆ: ಬೆಣ್ಣೆ 100 ಗ್ರಾಂ, ಪೀನಟ್ ಬಟರ್ 125 ಗ್ರಾಂ, ಕಂದು ಸಕ್ಕರೆ ಅಥವಾ ಬೆಲ್ಲದ ಪುಡಿ 80 ಗ್ರಾಂ, ಪುಡಿ ಮಾಡಿದ ಬಿಳಿ ಸಕ್ಕರೆ 50 ಗ್ರಾಂ, ಮೈದಾ 180 ಗ್ರಾಂ, ಅಡುಗೆ ಸೋಡಾ ಅರ್ಧ ಚಿಕ್ಕ ಚಮಚ, ಬೇಕಿಂಗ್ ಪೌಡರ್ ಕಾಲು ಚಿಕ್ಕ ಚಮಚ, ವೆನಿಲ್ಲಾ ಎಸೆನ್ಸ್ ಒಂದು ಚಿಕ್ಕ ಚಮಚ, ಮೊಟ್ಟೆ ಒಂದು. ಮೊಟ್ಟೆ ಬೇಡವೆಂದರೆ ಮೂರು ದೊಡ್ಡ ಚಮಚ ಹಾಲು. ಉಪ್ಪಿಲ್ಲದ ಬೆಣ್ಣೆಯಾದರೆ ಕಾಲು ಚಿಕ್ಕ ಚಮಚ ಉಪ್ಪು ಹಾಕಿ. ಉಪ್ಪು ಹಾಕಿದ ಬೆಣ್ಣೆಯಾದರೆ ಬೇಡ.

ಹೂರಣಕ್ಕೆ: ಡಾರ್ಕ್ ಚಾಕೊಲೇಟ್ 120 ಗ್ರಾಂ, ಫ್ರೆಶ್ ಕ್ರೀಮ್ 60 ಮಿ.ಲೀ. ಚಾಕೊಲೇಟ್ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಕಾಂಪೌಂಡ್ ಚಾಕೊಲೇಟಿನಲ್ಲಿ ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಇರುತ್ತದೆ. ಬೆಲೆ ಕಡಿಮೆ, ರುಚಿಯೂ ಕಡಿಮೆ.

ಪೀನಟ್ ಬಟರ್ ಮನೆಯಲ್ಲೇ

ಕಡಲೆಕಾಯಿ ಬೀಜದ ತೂಕದಲ್ಲಿ ಅರ್ಧದಷ್ಟು ಎಣ್ಣೆಯೇ ಇರುವುದರಿಂದ ಹೊರಗಿನ ಎಣ್ಣೆಯ ಅಗತ್ಯವಿಲ್ಲ. ಒಣಗಿದ ಬೀಜ ಮಾತ್ರ ಬಳಸಿ. ಕಾರ್ತಿಕ ಮಾಸದಲ್ಲಿ ಬಸವನಗುಡಿಯ ಪರಿಷೆಯಿಂದ ತಂದ ಹಸಿ ಕಾಯಿ ಬೇಯಿಸಿ ತಿನ್ನಲು ಸೊಗಸು. ಆದರೆ ಅದರಲ್ಲಿ ನೀರಿನಂಶ ಹೆಚ್ಚಿರುವುದರಿಂದ ಬೆಣ್ಣೆಯ ಹದ ಬರುವುದಿಲ್ಲ.

ಮೊದಲು ಬೀಜ ಆರಿಸಿ. ಮುರುಟಿದ್ದು, ಬಣ್ಣಗೆಟ್ಟದ್ದು, ಬೂಷ್ಟು ಹಿಡಿದದ್ದು, ಕಹಿಯಾದದ್ದನ್ನು ಮುಲಾಜಿಲ್ಲದೆ ಎಸೆಯಿರಿ. ಅಂಥ ಬೀಜಗಳಲ್ಲಿ ಬೆಳೆಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ. ಯಕೃತ್ತಿಗೆ ಹಾನಿ ಮಾಡುವ ಈ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಒಳ್ಳೆಯ ಬೀಜ 250 ಗ್ರಾಂ ತೆಗೆದುಕೊಂಡು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ, ಸಿಪ್ಪೆ ತಾನಾಗಿ ಬಿಡುವವರೆಗೆ ಹುರಿಯಿರಿ. ಆರಿದ ಮೇಲೆ ಉಜ್ಜಿ, ಮೊರದಲ್ಲಿ ಕೇರಿ ಸಿಪ್ಪೆ ತೆಗೆಯಿರಿ. ಒದ್ದೆಯಿಲ್ಲದ ಮಿಕ್ಸಿ ಜಾರಿನಲ್ಲಿ ರುಬ್ಬಿದಾಗ ಮೊದಲು ಪುಡಿಯಾಗುತ್ತದೆ, ಆಮೇಲೆ ಮುದ್ದೆ ಕಟ್ಟುತ್ತದೆ, ಕೊನೆಗೆ ಎಣ್ಣೆ ಬಿಟ್ಟು ಸಡಿಲವಾಗುತ್ತದೆ. ಮುದ್ದೆಯ ಹಂತದಲ್ಲಿ ಎಣ್ಣೆ, ನೀರು ಸುರಿಯುವ ಆಸೆ ತಡೆದುಕೊಳ್ಳಿ. ಮೋಟಾರು ಬಿಸಿಯಾಗದಂತೆ ಆಗಾಗ ನಿಲ್ಲಿಸಿ, ಗೋಡೆಗೆ ಅಂಟಿದ್ದನ್ನು ಕೆರೆದು ಮತ್ತೆ ರುಬ್ಬಿ.

ಮನೆಯದು ಇಟ್ಟಲ್ಲೇ ಎಣ್ಣೆ ಬೇರ್ಪಡುತ್ತದೆ. ತೂಗುವ ಮೊದಲು ತಳದವರೆಗೆ ಕಲಕಿ. ಮೇಲಿನ ಎಣ್ಣೆಯಷ್ಟೇ ಬಿದ್ದರೆ ಕುಕೀಸ್ ಜಿಡ್ಡಾಗಿ ಹರಡುತ್ತವೆ.

ಮೊದಲು ಹೂರಣ

ಕ್ರೀಮನ್ನು ಕುದಿಯಲು ಬಿಡದೆ ಬಿಸಿ ಮಾಡಿ, ಸಣ್ಣಗೆ ಹೆಚ್ಚಿದ ಚಾಕೊಲೇಟಿನ ಮೇಲೆ ಸುರಿದು ಎರಡು ನಿಮಿಷ ಬಿಡಿ. ನಿಧಾನವಾಗಿ ಕಲಕಿದರೆ ಹೊಳೆಯುವ ಮಿಶ್ರಣವಾಗುತ್ತದೆ. ಇದನ್ನು ಫ್ರಿಜ್‌ನಲ್ಲಿ ಒಂದು ಗಂಟೆ ಇಟ್ಟು, ತಲಾ 11 ಗ್ರಾಂನಂತೆ 16 ಉಂಡೆ ಮಾಡಿ. ಉಂಡೆಗಳು ಫ್ರೀಜರಿನಲ್ಲಿ 45 ನಿಮಿಷವಾದರೂ ಇರಲಿ.

ಹಿಟ್ಟು ಕಲಸುವುದು

ಬೆರಳಿಟ್ಟರೆ ಗುಳಿ ಬೀಳುವಷ್ಟು ಬೆಣ್ಣೆ ಮೆತ್ತಗಿರಬೇಕು, ಕರಗಿರಬಾರದು. ಎರಡೂ ಸಕ್ಕರೆ ಹಾಕಿ ಎರಡು ಮೂರು ನಿಮಿಷ ಚೆನ್ನಾಗಿ ಕಡೆಯಿರಿ. ಪೀನಟ್ ಬಟರ್, ಮೊಟ್ಟೆ, ವೆನಿಲ್ಲಾ ಸೇರಿಸಿ. ಮೈದಾ, ಸೋಡಾ, ಬೇಕಿಂಗ್ ಪೌಡರ್ ಒಟ್ಟಿಗೆ ಜರಡಿ ಹಿಡಿದು ಬೆರೆಸಿ. ಒಣಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಚಪಾತಿ ಹಿಟ್ಟಿನಂತೆ ನಾದಿದರೆ ಮೈದಾದ ಅಂಟು ಬಲಿತು ಕುಕೀ ಗಡುಸಾಗುತ್ತದೆ. ಮುಚ್ಚಿ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ.

ಸೋಡಾ ಅಳತೆ ಮೀರದಿರಲಿ. ಅದು ಕುಕೀಗೆ ಬಣ್ಣ ಕೊಡುತ್ತದೆ, ಹೆಚ್ಚಾದರೆ ಸಾಬೂನಿನ ವಾಸನೆಯನ್ನೂ ಕೊಡುತ್ತದೆ.

ತುಂಬುವುದು, ಬೇಯಿಸುವುದು

ಓವನ್ನನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾಗಲು ಬಿಡಿ. ಹಿಟ್ಟನ್ನು ಸುಮಾರು 35 ಗ್ರಾಂನ 16 ಪಾಲು ಮಾಡಿ. ಒಂದು ಪಾಲನ್ನು ಅಂಗೈಯಲ್ಲಿ ತಟ್ಟಿ, ನಡುವೆ ಚಾಕೊಲೇಟ್ ಉಂಡೆಯಿಟ್ಟು, ಅಂಚನ್ನು ಸುತ್ತಲಿಂದ ತಂದು ಒತ್ತಿ ಮುಚ್ಚಿ. ಬಿರುಕು ಕಂಡರೆ ಚಿಟಿಕೆ ಹಿಟ್ಟು ಹಚ್ಚಿ ಸವರಿ. ಚಾಕೊಲೇಟ್ ಉಂಡೆಗಳನ್ನು ನಾಲ್ಕು ನಾಲ್ಕಾಗಿ ಮಾತ್ರ ಫ್ರೀಜರಿನಿಂದ ತೆಗೆದರೆ ಕೈಬಿಸಿಗೆ ಕರಗುವುದಿಲ್ಲ.

ಕೂಡಿಸಿದ ಭಾಗ ಕೆಳಗೆ ಬರುವಂತೆ ಬೇಕಿಂಗ್ ಪೇಪರ್ ಹಾಸಿದ ಟ್ರೇಯಲ್ಲಿ ಎರಡು ಇಂಚು ಅಂತರದಲ್ಲಿ ಇಡಿ. ಈ ಹಿಟ್ಟು ತಾನಾಗಿ ಹೆಚ್ಚು ಹರಡುವುದಿಲ್ಲ, ಆದ್ದರಿಂದ ಅಂಗೈಯಿಂದ ಸ್ವಲ್ಪ ತಟ್ಟಿ. ಫೋರ್ಕಿನ ಗೆರೆ ಬೇಕೆಂದರೆ ಮೇಲೆಮೇಲೆ ಒತ್ತಿ. ಆಳಕ್ಕೆ ಇಳಿದರೆ ಹೂರಣ ಒಡೆದು ಬರುತ್ತದೆ.

ಓಟಿಜಿಯ ಮಧ್ಯದ ಅಂತಸ್ತಿನಲ್ಲಿ, ಮೇಲಿನ ಕೆಳಗಿನ ಎರಡೂ ರಾಡ್ ಹಾಕಿ 12ರಿಂದ 14 ನಿಮಿಷ ಬೇಯಿಸಿ. ಅಂಚು ಹೊಂಬಣ್ಣಕ್ಕೆ ತಿರುಗಿ, ನಡು ಇನ್ನೂ ಮೆತ್ತಗಿರುವಾಗಲೇ ಹೊರತೆಗೆಯಿರಿ. ಬೆಂದಿಲ್ಲವೆಂದು ಮತ್ತೆ ಒಳಗಿಡಬೇಡಿ, ಆರುತ್ತಾ ಅದು ಗಟ್ಟಿಯಾಗುತ್ತದೆ. ಹತ್ತು ನಿಮಿಷ ಟ್ರೇಯಲ್ಲೇ ಬಿಟ್ಟು ಆಮೇಲೆ ಎತ್ತಿ. ಮುಂದಿನ ಸರದಿಯ ಉಂಡೆಗಳು ಅಲ್ಲಿಯವರೆಗೆ ಫ್ರಿಜ್‌ನಲ್ಲಿರಲಿ. ಬಿಸಿ ಟ್ರೇ ಮೇಲೆ ಇಟ್ಟರೆ ಬೇಯುವ ಮೊದಲೇ ಕರಗಿ ಹರಡುತ್ತವೆ.

ಓವನ್ ಇಲ್ಲದವರು ದಪ್ಪ ಬಾಣಲೆಯ ತಳಕ್ಕೆ ಒಂದು ಪದರ ಪುಡಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಲಿ. ತಟ್ಟೆಯಲ್ಲಿ ನಾಲ್ಕೈದು ಕುಕೀಸ್ ಇಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಬಹುದು. ಬಿಸಿ ಕೆಳಗಿನಿಂದಲೇ ಬರುವುದರಿಂದ ಮೇಲ್ಭಾಗಕ್ಕೆ ಅಷ್ಟು ಬಣ್ಣ ಬರುವುದಿಲ್ಲ, ರುಚಿಗೆ ಕೊರತೆಯಿಲ್ಲ.

ಬೇರೆ ಹೂರಣಗಳು

ಮೊದಲ ಬಾರಿ ಮಾಡುವವರಿಗೆ ಶೇಂಗಾ ಹೋಳಿಗೆಯ ಹೂರಣವೇ ಕ್ಷೇಮ. ಹುರಿದ ಕಡಲೆಕಾಯಿ ಪುಡಿ 100 ಗ್ರಾಂ, ಬೆಲ್ಲದ ಪುಡಿ 70 ಗ್ರಾಂ, ಏಲಕ್ಕಿ, ಉಂಡೆ ಕಟ್ಟಲು ಬೇಕಾದಷ್ಟು ತುಪ್ಪ. ಇದು ಚಾಕೊಲೇಟಿನಂತೆ ಹರಿಯುವುದಿಲ್ಲ, ಫ್ರೀಜರಿನ ಹಂಗೂ ಇಲ್ಲ.

ಜಾಮ್ ತುಂಬುವ ಆಸೆಯಿದ್ದರೆ ವಿಧಾನ ಬದಲಿಸಿ. ಸಕ್ಕರೆ ಹೆಚ್ಚಿರುವುದರಿಂದ ಜಾಮ್ ಮನೆಯ ಫ್ರೀಜರಿನಲ್ಲಿ ಪೂರ್ತಿ ಗಟ್ಟಿಯಾಗುವುದಿಲ್ಲ. ಉಂಡೆಯ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ ಬೇಯಿಸಿ, ಹೊರತೆಗೆದ ಮೇಲೆ ಜಾಮ್ ತುಂಬುವುದು ಒಳ್ಳೆಯದು.

ಎಡವಟ್ಟಾದರೆ

ತಟ್ಟುವಾಗ ಹಿಟ್ಟು ಉದುರಿದರೆ ಒಂದು ದೊಡ್ಡ ಚಮಚ ಹಾಲು ಸೇರಿಸಿ. ಕೈಗೆ ಅಂಟಿದರೆ ಮೈದಾ ಸುರಿಯದೆ ಮತ್ತೆ ಫ್ರಿಜ್‌ನಲ್ಲಿಡಿ. ಒಂದೊಂದು ಓವನ್ನಿನ ಬಿಸಿ ಒಂದೊಂದು ಥರ. ಹಾಗಾಗಿ ಮೊದಲು ಒಂದೇ ಕುಕೀ ಬೇಯಿಸಿ, ಮುರಿದು ನೋಡಿ, ನಿಮಿಷಗಳನ್ನು ಹೊಂದಿಸಿಕೊಂಡು ಉಳಿದವನ್ನು ಒಳಗಿಡಿ.

ಎಷ್ಟು ದಿನ ಇಡಬಹುದು?

ಕ್ರೀಮ್ ಇರುವುದರಿಂದ ಚಾಕೊಲೇಟ್ ಹೂರಣದವನ್ನು ಎರಡು ದಿನದಲ್ಲಿ ಮುಗಿಸಿ, ಇಲ್ಲವೇ ಫ್ರಿಜ್‌ನಲ್ಲಿಟ್ಟು ತಿನ್ನುವ ಮೊದಲು ತುಸು ಬಿಸಿ ಮಾಡಿ. ತುಂಬಿದ ಹಸಿ ಉಂಡೆಗಳು ಗಾಳಿಯಾಡದ ಡಬ್ಬಿಯಲ್ಲಿ ಫ್ರೀಜರಿನಲ್ಲಿ ಒಂದು ತಿಂಗಳು ಚೆನ್ನಾಗಿರುತ್ತವೆ. ನೆಂಟರು ಬಂದಾಗ ಬೇಕಾದಷ್ಟನ್ನೇ ತೆಗೆದು, ಎರಡು ಮೂರು ನಿಮಿಷ ಹೆಚ್ಚು ಬೇಯಿಸಿದರಾಯಿತು.

ಮಕ್ಕಳ ಹುಟ್ಟುಹಬ್ಬಕ್ಕೋ ಶಾಲೆಯ ಡಬ್ಬಿಗೋ ಹಂಚುವುದಾದರೆ ಕಡಲೆಕಾಯಿ ಇದೆಯೆಂದು ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯಿರಿ. ಕಡಲೆಕಾಯಿ ಅಲರ್ಜಿ ಇರುವ ಮಗುವಿಗೆ ಒಂದು ಚೂರೂ ಅಪಾಯ ತರಬಲ್ಲದು, ಹೊರಗಿನಿಂದ ನೋಡಿದವರಿಗೆ ಕುಕೀಯೊಳಗೆ ಏನಿದೆಯೆಂದು ತಿಳಿಯುವುದಿಲ್ಲ. ಕೊಡುವ ಮೊದಲು ಪೋಷಕರನ್ನು ಒಂದು ಮಾತು ಕೇಳಿಬಿಡಿ.