ಮನೆಯೊಳಗಿನ ಗಿಡ: ನೀರಿನ ಮೇಲೆ ನಿಗಾ ಇರಲಿ

ಮೊದಲ ಬಾರಿಗೆ ಮನೆಯೊಳಗೆ ಗಿಡ ಬೆಳೆಸುವವರಲ್ಲಿ ಹಲವರು ಆರಿಸಿಕೊಳ್ಳುವುದು ಮನಿ ಪ್ಲಾಂಟನ್ನು. ನೆರೆಮನೆಯಿಂದ ಒಂದು ತುಂಡು ಬಳ್ಳಿ ತಂದು ನೀರು ತುಂಬಿದ ಬಾಟಲಿಯಲ್ಲಿ ಇಟ್ಟರೆ ಸಾಕು, ಬೇರು ಬಿಟ್ಟು ಚಿಗುರುತ್ತದೆ. (ಕದ್ದು ತಂದರೆ ಮಾತ್ರ ಹಣ ಕೂಡಿಬರುತ್ತದೆ ಎಂಬ ನಂಬಿಕೆಯೂ ಉಂಟು, ಆ ವಿಷಯ ಈ ಅಂಕಣದ ವ್ಯಾಪ್ತಿಗೆ ಬರುವುದಿಲ್ಲ.) ಆದರೆ ಆ ಬಾಟಲಿಯ ನೀರೇ ಮನೆಮಂದಿಗೆ ಕಾಯಿಲೆ ತರಬಲ್ಲದು ಎಂಬುದು ಅನೇಕರಿಗೆ ಹೊಳೆಯುವುದಿಲ್ಲ.

ಡೆಂಗಿ, ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಕಿಗಿಂತ ಮನೆಯ ಸುತ್ತಮುತ್ತ ನಿಂತ ತಿಳಿನೀರನ್ನು ಇಷ್ಟಪಡುತ್ತದೆ. ಬಾಟಲಿ, ಕುಂಡದ ಅಡಿಯ ತಟ್ಟೆ, ಇಷ್ಟಿದ್ದರೆ ಅದಕ್ಕೆ ಧಾರಾಳ. ಅದು ಮೊಟ್ಟೆಯಿಡುವುದು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಗೋಡೆಯಲ್ಲಿ. ನೀರು ಆರಿದರೂ ಈ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕು. ಹಾಗಾಗಿ ಹಳೆಯ ನೀರು ಚೆಲ್ಲಿ ಹೊಸದು ತುಂಬಿದರಷ್ಟೇ ಸಾಲದು. ವಾರಕ್ಕೊಮ್ಮೆ ಒಳಗೋಡೆಯನ್ನು ಬ್ರಷ್‌ನಿಂದ ತಿಕ್ಕಿ ತೊಳೆಯಬೇಕು. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಯವರಿಗೂ ದಂಡ ವಿಧಿಸಲು ಅವಕಾಶ ಮಾಡಿಕೊಂಡಿತು.

ಇಷ್ಟು ಕೆಲಸ ಬೇಡವೆನ್ನುವವರು ಬಳ್ಳಿಯನ್ನು ಮಣ್ಣಿಗೆ ನೆಡುವುದೇ ಮೇಲು. ಕುಂಡದ ತಳದಲ್ಲಿ ತೂತು ಇರಲಿ. ತಟ್ಟೆಗೆ ಇಳಿದ ನೀರನ್ನು ಆಗಲೇ ಚೆಲ್ಲಿಬಿಡಿ. ದಿನಾ ನೀರು ಹಾಕಬೇಕೆಂಬ ನಿಯಮವೇನಿಲ್ಲ. ಮಣ್ಣಿಗೆ ಬೆರಳು ತೂರಿಸಿ ನೋಡಿ, ಒಂದು ಅಂಗುಲದವರೆಗೆ ಒಣಗಿದ್ದರೆ ಮಾತ್ರ ಹಾಕಿ. ಬೇರುಗಳಿಗೂ ಗಾಳಿ ಬೇಕು. ಮಣ್ಣು ಸದಾ ಒದ್ದೆಯಾಗಿದ್ದರೆ ಅವು ಕೊಳೆಯುತ್ತವೆ, ಎಲೆ ಹಳದಿಯಾಗಿ ಜೋಲು ಬೀಳುತ್ತದೆ. ಅದನ್ನು ಬಾಯಾರಿಕೆ ಎಂದು ತಿಳಿದು ಮತ್ತಷ್ಟು ನೀರು ಸುರಿದರೆ ಗಿಡದ ಕಥೆ ಮುಗಿದಂತೆಯೇ. ಬಿರುಬಿಸಿಲು ನೇರವಾಗಿ ಬೀಳದ, ಬೆಳಕಿರುವ ಕಿಟಕಿಯ ಬಳಿ ಇಟ್ಟರೆ ಚೆನ್ನ.

ಮನೆಯ ಗಾಳಿ ಶುದ್ಧವಾಗುತ್ತದೆಂದು ಗಿಡ ತರುವವರಿದ್ದಾರೆ. ಈ ಮಾತು ಹರಡಿದ್ದು 1989ರಲ್ಲಿ ಅಮೆರಿಕದ ನಾಸಾ ಸಂಸ್ಥೆಯು ಮುಚ್ಚಿದ ಪೆಟ್ಟಿಗೆಗಳಲ್ಲಿ ನಡೆಸಿದ ಪ್ರಯೋಗದಿಂದ. ಕಿಟಕಿ ಬಾಗಿಲಿರುವ ಮನೆಗೆ ಅದು ಹೊಂದುವುದಿಲ್ಲ. 2019ರಲ್ಲಿ ಪ್ರಕಟವಾದ ಒಂದು ವಿಮರ್ಶೆಯ ಪ್ರಕಾರ, ಅಂಥ ಪರಿಣಾಮ ಕಾಣಲು ಒಂದು ಚದರ ಮೀಟರಿಗೆ ಕನಿಷ್ಠ 10 ಗಿಡ ಬೇಕು! ಕಿಟಕಿ ತೆರೆದಿಡುವುದು ಸುಲಭ. ರಾತ್ರಿ ಮಲಗುವ ಕೋಣೆಯಲ್ಲಿ ಗಿಡವಿದ್ದರೆ ಉಸಿರು ಕಟ್ಟುತ್ತದೆಂಬ ಭಯವೂ ಬೇಡ. ಪಕ್ಕದಲ್ಲಿ ಮಲಗಿದವರು ಬಿಡುವ ಇಂಗಾಲದ ಡೈಆಕ್ಸೈಡೇ ಅದಕ್ಕಿಂತ ಎಷ್ಟೋ ಹೆಚ್ಚು.

ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಮಾತ್ರ ಎಚ್ಚರಿಕೆ ಬೇಕು. ಮನಿ ಪ್ಲಾಂಟ್ ಮತ್ತು ಅಗಲ ಎಲೆಯಲ್ಲಿ ಬಿಳಿ ಮಚ್ಚೆಯಿರುವ ಡೈಫೆನ್‌ಬೇಕಿಯಾ ಗಿಡಗಳಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಕೆಸುವಿನ ಎಲೆ ಸರಿಯಾಗಿ ಬೇಯದಿದ್ದರೆ ಗಂಟಲು ತುರಿಸುವುದೂ ಇಂಥ ಹರಳುಗಳಿಂದಲೇ. ಮಗು ಎಲೆ ಅಗಿದರೆ ಬಾಯಿ, ನಾಲಿಗೆ ಉರಿದು ಊದಿಕೊಳ್ಳುತ್ತದೆ, ಜೊಲ್ಲು ಸುರಿಯುತ್ತದೆ. ಬಾಯಲ್ಲಿ ಉಳಿದ ಚೂರುಗಳನ್ನು ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ತಣ್ಣನೆಯ ನೀರು ಅಥವಾ ಹಾಲನ್ನು ಸ್ವಲ್ಪ ಸ್ವಲ್ಪ ಕುಡಿಸಿ. ವಾಂತಿ ಮಾಡಿಸಬೇಡಿ. ಊತ ಹೆಚ್ಚಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹೋಗುವಾಗ ಆ ಗಿಡದ ಒಂದು ಎಲೆಯನ್ನೂ ಒಯ್ದರೆ ವೈದ್ಯರಿಗೆ ಅನುಕೂಲವಾಗುತ್ತದೆ.