ವಿಂಟೇಜ್ ಪೋರ್ಟ್ ಸವಿಯುವವರಿಗೆ ಹತ್ತು ಸೂತ್ರ

ಹೊರದೇಶದಲ್ಲಿ ಕೆಲಸಕ್ಕಿರುವ ಮಕ್ಕಳು ವಿಮಾನ ಇಳಿದು ಸಿರಾ, ಮಧುಗಿರಿ ಕಡೆಯ ಊರುಗಳಿಗೆ ಬರುವಾಗ ಡ್ಯೂಟಿ ಫ್ರೀ ಚೀಲವೂ ಜೊತೆಗೆ ಬರುವುದು ಈಗ ಹೊಸದೇನಲ್ಲ. ಒಬ್ಬರಿಗೆ ಎರಡು ಲೀಟರ್ ತನಕ ತರಲು ಅವಕಾಶವಿದೆ. ಒಳಗಿರುವುದು ವಿಸ್ಕಿಯಾದರೆ ಯಾರಿಗೂ ಪಾಠ ಬೇಕಿಲ್ಲ. ವಿಂಟೇಜ್ ಪೋರ್ಟ್ ಆಗಿದ್ದರೆ ಮಾತ್ರ ಸ್ವಲ್ಪ ತಡೆಯಿರಿ. ಈ ಆಟದ ಸೋಲು ಗೆಲುವು ಗ್ಲಾಸಿಗೆ ಸುರಿಯುವ ಮುಂಚೆಯೇ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ.

1. ಹೆಸರಿಗೆ ಮರುಳಾಗಬೇಡಿ. ನಮ್ಮ ಕಡೆ ‘ಪೋರ್ಟ್ ವೈನ್’ ಅಂದರೆ ರಕ್ತ ಹೆಚ್ಚಿಸುವ ಸಿಹಿ ಔಷಧಿ ಅನ್ನುವ ನಂಬಿಕೆ ಇದೆ. ಅಂಗಡಿಯಲ್ಲಿ ಆ ಹೆಸರಿಗೆ ಸಿಗುವುದು ಸಾಮಾನ್ಯವಾಗಿ ಈ ನೆಲದ ದ್ರಾಕ್ಷಿಯ ಸಿಹಿ ವೈನ್. ಮಧುಗಿರಿಯ ಗಡಿ ದಾಟಿದರೆ ಸಿಗುವ ಚಿಕ್ಕಬಳ್ಳಾಪುರ ಜಿಲ್ಲೆಯ ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಒಳ್ಳೆಯ ಹಣ್ಣು, ಅದರ ಗೌರವ ಅದಕ್ಕಿದೆ. ಅಸಲಿ ಪೋರ್ಟ್ ಬರುವುದು ಮಾತ್ರ ಪೋರ್ಚುಗಲ್ಲಿನ ಡೋರು ಕಣಿವೆಯಿಂದ. ಅದರ ಎಲ್ಲೆಯನ್ನು 1756ರಲ್ಲೇ ಗುರುತು ಮಾಡಿದ್ದಾರೆ. ಹಾಳೆ ಹಾಳೆಯಾಗಿ ಬಿರಿಯುವ ಕಲ್ಲುನೆಲ, ಬೇಸಿಗೆಯಲ್ಲಿ ಸುಡುವ ಬಿಸಿಲು; ಪಾವಗಡದವರಿಗೆ ಅಲ್ಲಿ ಅಪರಿಚಿತ ಅನ್ನಿಸುವುದು ನದಿಯೊಂದೇ ಇರಬೇಕು.

2. ಔಷಧಿ ಅಂತ ಕುಡಿಯಬೇಡಿ, ಕುಡಿಸಬೇಡಿ. ದ್ರಾಕ್ಷಿರಸ ಎರಡು ಮೂರು ದಿನ ಹುಳಿಯುತ್ತಿದ್ದಂತೆ ಶೇ. 77ರಷ್ಟು ಮದ್ಯಸಾರವಿರುವ ದ್ರಾಕ್ಷಿ ಸಾರಾಯಿ ಸುರಿದು ಹುದುಗನ್ನು ಸಾಯಿಸುತ್ತಾರೆ. ಅದಕ್ಕೇ ಸಿಹಿ ಉಳಿಯುತ್ತದೆ, ಮದ್ಯಸಾರ ಶೇ. 20ರ ಆಸುಪಾಸಿಗೆ ಏರುತ್ತದೆ. ಬಾಣಂತಿಯರಿಗೆ ಇದರ ಸಹವಾಸವೇ ಬೇಡ.

3. ಲೇಬಲ್ ಸರಿಯಾಗಿ ಓದಿ. ‘ವಿಂಟೇಜ್’ ಅಂದರೆ ಒಂದೇ ವರ್ಷದ ಬೆಳೆ, ಮರದ ಪೀಪಾಯಿಯಲ್ಲಿ ಎರಡು ಮೂರು ವರ್ಷ, ಉಳಿದ ಮುಪ್ಪೆಲ್ಲ ಬಾಟಲಿಯೊಳಗೆ. ‘ಲೇಟ್ ಬಾಟಲ್ಡ್ ವಿಂಟೇಜ್’ ಬೇರೆ: ನಾಲ್ಕರಿಂದ ಆರು ವರ್ಷ ಮರದಲ್ಲಿ ಕಳೆದು, ಬಹುಮಟ್ಟಿಗೆ ಈಗಲೇ ಕುಡಿಯಲು ಸಿದ್ಧವಾಗಿ ಬರುತ್ತದೆ. ‘ಟಾನಿ’ ಪೀಪಾಯಿಯಲ್ಲೇ ಮುದಿಯಾದದ್ದು. ಮೂರಕ್ಕೂ ಒಂದೇ ಬೆಲೆ ಕೊಟ್ಟಿದ್ದರೆ ನೀವು ಮೋಸ ಹೋಗಿದ್ದೀರಿ.

4. ಇಸವಿ ನೋಡಿ. ಎಲ್ಲ ವರ್ಷವೂ ವಿಂಟೇಜ್ ಬರುವುದಿಲ್ಲ. ಬೆಳೆ ಬಲು ಚೆನ್ನಾಗಿದ್ದರೆ ಮಾತ್ರ ಟೇಲರ್ಸ್, ಗ್ರಹಾಂಸ್‌ನಂಥ ಮನೆತನಗಳು ಘೋಷಿಸುತ್ತವೆ. ಸಾಮಾನ್ಯವಾಗಿ ದಶಕಕ್ಕೆ ಮೂರು ಸಲ. 1963, 1977, 1994, 2011 ಹೆಸರುವಾಸಿ. 2016 ಮತ್ತು 2017 ಬೆನ್ನು ಬೆನ್ನಿಗೇ ಘೋಷಣೆಯಾದದ್ದು ಅಪರೂಪ. ಇಪ್ಪತ್ತು ವರ್ಷ ದಾಟಿದ ಬಾಟಲಿಗೆ ನನ್ನ ಓಟು. ಎಳೆಯದರಲ್ಲಿ ಹಣ್ಣಿನ ಅಬ್ಬರ ಜಾಸ್ತಿ, ಮಾತು ಕಮ್ಮಿ.

5. ಬಿಸಿಲಿನಿಂದ ಕಾಪಾಡಿ. ನಮ್ಮ ತಾಲ್ಲೂಕುಗಳ ಏಪ್ರಿಲ್ ಬೇಗೆಗೆ ಅಟ್ಟದ ಮೇಲಿಟ್ಟ ಪೋರ್ಟ್ ಬೆಂದು ಹೋಗುತ್ತದೆ. ಕತ್ತಲೆಯಲ್ಲಿ, 12–15 ಡಿಗ್ರಿಯಲ್ಲಿ, ಬಿರಡೆ ಒಣಗದಂತೆ ಮಲಗಿಸಿಡಬೇಕು. ಅಂಥ ಜಾಗವಿಲ್ಲದವರು ಫ್ರಿಜ್ಜಿನ ಕೆಳಗಿನ ಗೂಡಿನಲ್ಲಿಡಲಿ, ವರ್ಷದೊಳಗೆ ತೆರೆಯಲಿ. ಶೋಕೇಸು ಬೇಡವೇ ಬೇಡ.

6. ಹಿಂದಿನ ದಿನವೇ ನಿಲ್ಲಿಸಿ. ವಿಂಟೇಜ್ ಪೋರ್ಟನ್ನು ಸೋಸದೆ ತುಂಬಿರುತ್ತಾರೆ, ವರ್ಷಗಳು ಕಳೆದಂತೆ ಗಸಿ ದಪ್ಪಗೆ ಕೂರುತ್ತದೆ. ಒಂದು ಹಗಲು ಒಂದು ರಾತ್ರಿಯಾದರೂ ಬಾಟಲಿ ನೆಟ್ಟಗೆ ನಿಂತರೆ ಗಸಿ ತಳ ಸೇರುತ್ತದೆ.

7. ಸೋಸುವುದರಲ್ಲಿ ಅವಸರ ಬೇಡ. ಇಡೀ ಕೆಲಸದಲ್ಲಿ ಕೈಚಳಕ ಬೇಕಾಗುವುದು ಇಲ್ಲಿ. ಹಳೆಯ ಬಿರಡೆ ಪುಡಿಪುಡಿಯಾಗುತ್ತದೆ. ತಿರುಪನ್ನು ಆಳಕ್ಕೆ ಇಳಿಸಿ, ನಿಧಾನವಾಗಿ ಎಳೆಯಿರಿ. ಚೂರು ಒಳಗೆ ಬಿದ್ದರೆ ಗಾಬರಿಯಾಗಬೇಡಿ. ಗಾಜಿನ ಹೂಜಿಯ ಬಾಯಿಗೆ ತೆಳುವಾದ ಮಲ್ ಬಟ್ಟೆ ಕಟ್ಟಿ. ಆ ಬಟ್ಟೆಗೆ ಸೋಪಿನ ವಾಸನೆ ಇರಕೂಡದು, ಬರೀ ಬಿಸಿನೀರಲ್ಲಿ ಕುದಿಸಿ ಒಣಗಿಸಿರಬೇಕು. ಬಾಟಲಿಯ ಕುತ್ತಿಗೆಯ ಹಿಂದೆ ಮೊಂಬತ್ತಿಯನ್ನೋ ಮೊಬೈಲ್ ಟಾರ್ಚನ್ನೋ ಇಟ್ಟು, ಒಂದೇ ಓಟದಲ್ಲಿ, ನಡುವೆ ನಿಲ್ಲಿಸದೆ ಬಗ್ಗಿಸಿ. ತಿಳಿ ಕೆಂಪಿನೊಳಗೆ ಕಪ್ಪು ಎಳೆಯೊಂದು ಹೊಗೆಯ ಹಾಗೆ ಕುತ್ತಿಗೆಗೆ ತೆವಳಿದ ಕ್ಷಣ ಕೈ ತಡೆಯಿರಿ. ತಳದಲ್ಲಿ ಎರಡು ಬೆರಳಿನಷ್ಟು ಉಳಿಯುತ್ತದೆ, ಉಳಿಯಲಿ. ಜಿಪುಣತನಕ್ಕೆ ಇದು ಜಾಗವಲ್ಲ. ಎಳೆಯ ಪೋರ್ಟ್ ಹೂಜಿಯಲ್ಲಿ ಎರಡು ಮೂರು ಗಂಟೆ ಗಾಳಿ ಕುಡಿದರೆ ಒಳ್ಳೆಯದು. ನಲವತ್ತು ದಾಟಿದ ಮುದುಕನನ್ನು ಅಷ್ಟು ಕಾಯಿಸಬೇಡಿ, ಉಸಿರು ಬಿಟ್ಟಾನು.

8. ಕಣ್ಣು, ಮೂಗು, ಆಮೇಲೆ ನಾಲಿಗೆ. ಗ್ಲಾಸಿನ ಮೂರನೇ ಒಂದು ಭಾಗ ಸಾಕು, 18 ಡಿಗ್ರಿಯ ತಂಪಿರಲಿ. ಹೂಜಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಆಯಿತು. ಬಿಳಿ ಹಾಳೆಯ ಮೇಲೆ ಓರೆ ಮಾಡಿ ಅಂಚನ್ನು ನೋಡಿ. ನಮ್ಮ ಹುಣಸೆಹಣ್ಣು ಹಳೆಯದಾದಷ್ಟೂ ಕಪ್ಪಾಗುತ್ತದೆ. ಪೋರ್ಟಿನದು ಉಲ್ಟಾ: ಎಳೆಯದು ಮಸಿ ನೇರಳೆ, ವಯಸ್ಸಾದದ್ದು ಇಟ್ಟಿಗೆ ಬಣ್ಣ. ಮೂಗನ್ನು ಗ್ಲಾಸಿನೊಳಗೆ ತುರುಕಬೇಡಿ, ಸಾರಾಯಿಯ ಘಾಟು ಹೊಡೆಯುತ್ತದೆ. ದೂರದಿಂದಲೇ ಆಘ್ರಾಣಿಸಿ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆ ಕೆಟ್ಟಿದೆ, ಬಾಟಲಿ ಹೋಯಿತು ಅಂದುಕೊಳ್ಳಿ. ಇಂಗ್ಲಿಷ್ ಪುಸ್ತಕದ ‘ಬ್ಲ್ಯಾಕ್ ಕರಂಟ್’ ನೀವು ತಿಂದೇ ಇಲ್ಲದಿದ್ದರೆ ಅದನ್ನು ಹುಡುಕುವುದೇಕೆ? ನೇರಳೆ, ಒಣ ಅಂಜೂರ, ಲವಂಗ, ಹುರಿದ ಕಾಫಿಬೀಜ, ನೀವು ಕಂಡ ವಾಸನೆಯನ್ನೇ ಹೇಳಿ. ಚಿಕ್ಕ ಗುಟುಕನ್ನು ಬಾಯಲ್ಲಿ ಹೊರಳಾಡಿಸಿದಾಗ ಸಿಹಿ ಮೊದಲು ಬರುತ್ತದೆ, ಹುಳಿ ಹಿಂದೆ, ಒಗರು ಒಸಡು ಹಿಡಿಯುತ್ತದೆ. ಈ ಮೂರರಲ್ಲಿ ಯಾವುದೂ ಇನ್ನೊಂದನ್ನು ತುಳಿಯದಿದ್ದರೆ, ನುಂಗಿದ ಮೇಲೂ ರುಚಿ ಹೊತ್ತು ನಿಂತರೆ, ಕೊಟ್ಟ ಕಾಸು ವಸೂಲಿ.

9. ಜೊತೆಗೆ ಖಾರ ಬೇಡ. ಮಸಾಲೆ ಕಡಲೆ, ಮೆಣಸಿನಕಾಯಿ ಬಜ್ಜಿ ಇದನ್ನು ಕೊಂದುಹಾಕುತ್ತವೆ. ಇಂಗ್ಲಿಷರದು ಸ್ಟಿಲ್ಟನ್ ಎಂಬ ನೀಲಿ ಗೆರೆಯ ಚೀಸ್, ಅಕ್ರೋಟು. ಸಿರಾ ಸೀಮೆಯವರು ಉಪ್ಪಿಲ್ಲದೆ ಹದವಾಗಿ ಹುರಿದ ಕಡಲೆಕಾಯಿ ಬೀಜ ಇಟ್ಟುಕೊಳ್ಳಬಹುದು. ಬೆಲ್ಲದ ಕಡಲೆ ಮಿಠಾಯಿ ಟಾನಿಗೆ ಸೊಗಸು, ವಿಂಟೇಜಿಗೆ ಸಿಹಿ ಅತಿಯಾಯಿತು.

10. ಹಂಚಿ ಮುಗಿಸಿ. 750 ಮಿಲಿಯ ಬಾಟಲಿ ಹತ್ತು ಜನಕ್ಕೆ ಸಾಕು, ಇಬ್ಬರು ಕೂತು ಖಾಲಿ ಮಾಡುವ ಸರಕಲ್ಲ. ಬ್ರಿಟಿಷರ ಪಂಕ್ತಿಯಲ್ಲಿ ಹೂಜಿ ಎಡಕ್ಕೇ ಸಾಗಬೇಕು. ಯಾರಾದರೂ ತನ್ನ ಮುಂದೆಯೇ ಇಟ್ಟುಕೊಂಡು ಕೂತರೆ “ನಾರ್ವಿಚ್‌ನ ಬಿಷಪ್ಪರು ಗೊತ್ತಾ?” ಅಂತ ಕೇಳುವುದು ಅಲ್ಲಿನ ಚುಚ್ಚುಮಾತು. ನಮ್ಮಲ್ಲಿ “ಈ ಕಡೆ ಬಿಡಪ್ಪಾ” ಅಂದರೆ ಸಾಕು. ಹಳೆಯ ಬಾಟಲಿಯಾದರೆ ಅದೇ ರಾತ್ರಿ ಮುಗಿಯಬೇಕು. ಎಳೆಯದು ಉಳಿದರೆ ಚಿಕ್ಕ ಶೀಶೆಗೆ ಕಂಠಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಡಿ. ಎರಡು ಮೂರು ದಿನ ತಾಳುತ್ತದೆ.